ಒಂದೇ ಆಟ, ಎರಡು ಕಾಲ

ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ೧೯೯೦ರ ದಶಕದಲ್ಲಿಯೋ ಅದರ ಮುಂದಿನ ಕೆಲವು ವರ್ಷಗಳಲ್ಲಿಯೋ ಬಾಲ್ಯವನ್ನು ಕಳೆದವರಿಗೆ, ಬೇಸಗೆಯ ರಜೆಯೆಂದೊಡನೆ ನೆನಪಾಗುವ ವಸ್ತುಗಳಲ್ಲಿ ಟೆಲಿವಿಷನ್ನಿಗೆ ಜೋಡಿಸಿ ಆಡುವ ಪೆಟ್ಟಿಗೆಯೂ ಒಂದು. ಹಗುರವಾದ ಪ್ಲಾಸ್ಟಿಕ್ ಒಡಲು, ತಂತಿಗಳ ತುದಿಯಲ್ಲಿ ಗುಂಡಿಗಳುಳ್ಳ ಎರಡು ಹಿಡಿಗಳು, ಮೇಲಿನ ಸೀಳಿನಲ್ಲಿ ಸಿಕ್ಕಿಸುವ ಒಂದು ಕ್ಯಾಸೆಟ್ಟು. ಇಷ್ಟೆ ಅದರ ಪರಿಕರ. ಚಿತ್ರ ಮೂಡದಿದ್ದರೆ ಕ್ಯಾಸೆಟ್ಟನ್ನು ಕಿತ್ತು, ಬಾಯಿಂದ ಗಟ್ಟಿಯಾಗಿ ಊದಿ, ಮತ್ತೆ ಸಿಕ್ಕಿಸುವುದು ಎಲ್ಲ ಮನೆಗಳಲ್ಲಿಯೂ ನಡೆಯುತ್ತಿದ್ದ ಚಿಕಿತ್ಸೆ. (ಗುಣ ಬಂದುದು ಊದಿದ್ದರಿಂದಲ್ಲ, ಕಿತ್ತು ಮತ್ತೆ ಸಿಕ್ಕಿಸಿದಾಗ ಲೋಹದ ತುದಿಗಳು ಸರಿಯಾಗಿ ಕೂಡಿದ್ದರಿಂದ. ಉಸಿರಿನ ತೇವದಿಂದ ಆ ತುದಿಗಳು ಕಿಲುಬು ಹಿಡಿಯುತ್ತಿದ್ದುವೆಂಬುದನ್ನು ಆಗ ನಮಗೆ ಯಾರೂ ಹೇಳಲಿಲ್ಲ.)

ಆ ಆಟಗಳು ಈಗ ಗಣಕಯಂತ್ರದಲ್ಲಿಯೂ, ಕೈಯ ಮೊಬೈಲಿನಲ್ಲಿಯೂ, ಅಂಗಡಿಯಲ್ಲಿ ದೊರೆಯುವ ಹೊಸ ಪುಟ್ಟ ಪೆಟ್ಟಿಗೆಗಳಲ್ಲಿಯೂ ಮತ್ತೆ ಕಾಣಿಸಿಕೊಂಡಿವೆ. ಹಳೆಯದನ್ನೂ ಹೊಸದನ್ನೂ ಆಡಿ ನೋಡಿದವರು ಒಂದು ವಿಚಿತ್ರವನ್ನು ಹೇಳುವುದುಂಟು: ಹೊಸದರಲ್ಲಿ ಮೇರಿಯೋ ಚುರುಕಾಗಿ ಓಡುತ್ತಾನೆ, ಹಳೆಯದರಲ್ಲಿ ಹೀಗಿರಲಿಲ್ಲ. ವಯಸ್ಸಾದಂತೆ ನೆನಪು ಮೋಸ ಮಾಡುತ್ತದೆಯೆಂದು ಕೆಲವರು ಇದನ್ನು ತಳ್ಳಿಹಾಕುತ್ತಾರೆ. ಆದರೆ ಇಲ್ಲಿ ನೆನಪೇ ಸರಿ. ಕಾರಣವು ಭೌತವಿಜ್ಞಾನದ್ದಾಗಿದ್ದು, ಕೈಗಡಿಯಾರವೊಂದಿದ್ದರೆ ಯಾವ ವಿದ್ಯಾರ್ಥಿಯಾದರೂ ಅದನ್ನು ಅಳೆದು ನೋಡಬಹುದು.

ಮೂಲದಿಂದ ಹೊರಡೋಣ. ಜಪಾನಿನ ನಿಂಟೆಂಡೊ ಸಂಸ್ಥೆಯು ೧೯೮೩ನೆಯ ಜುಲೈ ತಿಂಗಳಲ್ಲಿ ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಆಟದ ಯಂತ್ರವನ್ನು ಮಾರಾಟಕ್ಕೆ ತಂದಿತು. ನಮ್ಮಲ್ಲಿ ಸಮುರಾಯ್, ಮೀಡಿಯಾ, ಲಿಟ್ಲ್ ಮಾಸ್ಟರ್, ವಿಝ್ ಕಿಡ್ ಮುಂತಾದ ಹೆಸರುಗಳಿಂದ ಬಿಕರಿಯಾದ ಪೆಟ್ಟಿಗೆಗಳೆಲ್ಲವೂ ಈ ಒಂದು ಬೀಜದಿಂದ ಮೊಳೆತವು. ಅದಕ್ಕೆ ಸ್ವಂತ ಪರದೆಯಿಲ್ಲ. ಮನೆಯ ಟೆಲಿವಿಷನ್ನೇ ಅದರ ಪರದೆ. ಆದುದರಿಂದ ಟೆಲಿವಿಷನ್ನಿನ ನಡಿಗೆಯನ್ನು ತಿಳಿಯದೆ ಈ ಯಂತ್ರದ ನಡಿಗೆಯು ತಿಳಿಯದು.

ಹಳೆಯ ಗಾಜಿನ ಟೆಲಿವಿಷನ್ನಿನ ಹೃದಯವೆಂದರೆ ಕ್ಯಾಥೋಡ್ ಕಿರಣ ನಳಿಗೆ. ಜನರು ಪಿಕ್ಚರ್ ಟ್ಯೂಬ್ ಎನ್ನುವುದು ಇದನ್ನೇ. ನಮ್ಮ ಜಾಲಹಳ್ಳಿಯ ಬಿ.ಇ.ಎಲ್. ಸಂಸ್ಥೆಯೂ ಒಂದು ಕಾಲದಲ್ಲಿ ಕಪ್ಪು-ಬಿಳುಪಿನ ನಳಿಗೆಗಳನ್ನು ತಯಾರಿಸುತ್ತಿತ್ತು. ನಳಿಗೆಯ ಹಿಂಬದಿಯಿಂದ ಹೊರಟ ಎಲೆಕ್ಟ್ರಾನುಗಳ ಕಿರಣವು ಮುಂಬದಿಯ ಗಾಜಿನ ಒಳಮೈಗೆ ಬಳಿದ ಫಾಸ್ಫರ್ ಲೇಪವನ್ನು ತಾಕಿದಾಗ ಆ ಬಿಂದು ಹೊಳೆಯುತ್ತದೆ. ಕಿರಣವು ಎಡದಿಂದ ಬಲಕ್ಕೆ ಒಂದು ಗೆರೆ, ಅದರ ಕೆಳಗೆ ಮತ್ತೊಂದು ಗೆರೆ ಎಂಬಂತೆ, ರಂಗೋಲಿಯ ಪುಡಿ ಬಿಡುವ ಕೈಯ ಹಾಗೆ, ಇಡೀ ಪರದೆಯನ್ನು ಗೀಚುತ್ತಾ ಇಳಿಯುತ್ತದೆ; ಕೆಳತುದಿಯನ್ನು ಮುಟ್ಟಿದೊಡನೆ ಮೇಲಕ್ಕೆ ಹಾರಿ ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ಹೀಗೆ ಸೆಕೆಂಡಿಗೆ ಎಷ್ಟು ಸಲ ಇಳಿಯಬೇಕೆಂಬುದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ಸುಮಾರು ೬೦ ಸಲ. ಯುರೋಪಿನ ಬಹುಭಾಗದಲ್ಲಿಯೂ ಭಾರತದಲ್ಲಿಯೂ ೫೦ ಸಲ. ಟೆಲಿವಿಷನ್ನಿನ ಆರಂಭದ ದಿನಗಳಲ್ಲಿ ಮನೆಗೆ ಬರುವ ವಿದ್ಯುತ್ತಿನ ಆವರ್ತಾಂಕಕ್ಕೆ, ಅಂದರೆ ಸೆಕೆಂಡಿಗೆ ಅದು ಎಷ್ಟು ಸಲ ಓಲಾಡುವುದೋ ಆ ಸಂಖ್ಯೆಗೆ, ಇದನ್ನು ಹೊಂದಿಸಿದ್ದರು. ಚಿತ್ರದಲ್ಲಿ ಕಾಣುವ ಅಲುಗಾಟವನ್ನು ತಪ್ಪಿಸಲು ಅದು ಸುಲಭೋಪಾಯವಾಗಿತ್ತು. (ಜಪಾನಿನ ಪೂರ್ವಭಾಗದ ಮನೆಗಳಲ್ಲಿ ವಿದ್ಯುತ್ತು ೫೦ ಹರ್ಟ್ಸಿನದೇ, ಆದರೂ ಟೆಲಿವಿಷನ್ ಮಾತ್ರ ಅಮೆರಿಕದ ಪದ್ಧತಿಯದು. ಪದ್ಧತಿಗಳು ತರ್ಕವನ್ನಷ್ಟೇ ಅನುಸರಿಸುವುದಿಲ್ಲ.) ಬೆಂಗಳೂರಿನ ದೂರದರ್ಶನ ಕೇಂದ್ರವು ೧೯೮೧ನೆಯ ನವೆಂಬರ್ ೧ರಂದು ಆರಂಭವಾದಾಗಲೂ, ಮರುವರ್ಷ ದೇಶಕ್ಕೆ ವರ್ಣಚಿತ್ರಗಳು ಬಂದಾಗಲೂ, ನಮ್ಮ ಲೆಕ್ಕ ೬೨೫ ಗೆರೆ, ಸೆಕೆಂಡಿಗೆ ೫೦ ಇಳಿತ ಎಂಬುದೇ ಆಗಿತ್ತು.

ಈಗ ಮುಖ್ಯ ಸಂಗತಿಗೆ ಬರೋಣ. ಆ ಕಾಲದ ಆಟಗಳನ್ನು ಬರೆದವರು ಕಾಲವನ್ನು ತಿಳಿಯಲು ಬೇರೊಂದು ಗಡಿಯಾರವನ್ನು ಇಟ್ಟುಕೊಳ್ಳಲಿಲ್ಲ. ಕಿರಣವು ಪರದೆಯ ಕೆಳತುದಿಗೆ ಬಂದಾಗ ಚಿತ್ರದ ಚಿಪ್ಪು ಪ್ರೊಸೆಸರಿಗೆ ಒಂದು ಸೂಚನೆಯನ್ನು ಕೊಡುತ್ತದೆ. ಆ ಸೂಚನೆ ಬಂದಾಗ ಆಟವು ಒಂದು ಹೆಜ್ಜೆ ಮುಂದುವರಿಯುತ್ತದೆ: ಮೇರಿಯೋ ಇಷ್ಟು ಸರಿಯಲಿ, ಸಂಗೀತದ ಮುಂದಿನ ಸ್ವರ ಬರಲಿ, ಉಳಿದ ಸಮಯದಲ್ಲಿ ಇಷ್ಟು ಕಳೆಯಲಿ. ಪರದೆಯೇ ತಾಳ ಹಾಕುವವನು. ಆಟವು ಆ ತಾಳಕ್ಕೆ ಕುಣಿಯುವ ನರ್ತಕಿ. ತಾಳ ಹಾಕುವವನು ೬೦ರ ಬದಲು ೫೦ ಹಾಕಿದರೆ ಎಲ್ಲವೂ ಆರರಲ್ಲಿ ಐದು ಪಾಲಿಗೆ ಇಳಿಯುತ್ತದೆ. ಜಪಾನಿನ ಹುಡುಗನು ಒಂದು ನಿಮಿಷದಲ್ಲಿ ದಾಟಿದ ದಾರಿಯನ್ನು ಬನಶಂಕರಿಯ ಹುಡುಗನು ೭೨ ಸೆಕೆಂಡುಗಳಲ್ಲಿ ದಾಟಬೇಕು, ಇಬ್ಬರೂ ಒಂದೇ ಸಮನೆ ಜಾಣರಾಗಿದ್ದರೂ.

ಸ್ವರದ ವಿಷಯ ಇನ್ನೂ ಸ್ವಾರಸ್ಯಕರ. ಸಂಗೀತದ ಲಯವು ಪರದೆಯ ತಾಳದಿಂದ ಬರುವುದಾದರೂ ಸ್ವರದ ಶ್ರುತಿಯು ಪ್ರೊಸೆಸರಿನ ಸ್ವಂತ ಮಿಡಿತದಿಂದ ಬರುತ್ತದೆ. ಜಪಾನಿನ ಯಂತ್ರದಲ್ಲಿ ಆ ಮಿಡಿತವು ಸೆಕೆಂಡಿಗೆ ೧೭.೯ ಲಕ್ಷ ಸಲ. ನಿಂಟೆಂಡೊ ಸಂಸ್ಥೆಯು ಯುರೋಪಿಗೆಂದು ಮಾಡಿದ ಯಂತ್ರದಲ್ಲಿ ಅದನ್ನು ೧೬.೬ ಲಕ್ಷಕ್ಕೆ ಇಳಿಸಿದರು. ಆಟವನ್ನು ತಿದ್ದದೆ ಹಾಗೆಯೇ ಅದರಲ್ಲಿ ನಡೆಸಿದರೆ, ಲಯವು ನಿಧಾನವಾಗುವುದಲ್ಲದೆ ಶ್ರುತಿಯೂ ಸುಮಾರು ಒಂದೂಕಾಲು ಸ್ವರಸ್ಥಾನದಷ್ಟು ಕುಸಿಯುತ್ತದೆ. ನಮ್ಮ ಪೆಟ್ಟಿಗೆಗಳ ವಂಶದ ಯಂತ್ರಗಳಲ್ಲಾದರೋ ಮಿಡಿತವು ೧೭.೭ ಲಕ್ಷ, ಶ್ರುತಿಯ ವ್ಯತ್ಯಾಸ ಒಂದು ಸ್ವರಸ್ಥಾನದ ಆರನೆಯ ಒಂದು ಪಾಲು ಮಾತ್ರ. ಬಳಗಿದ ಕಿವಿಯೇ ಅದನ್ನು ಹಿಡಿಯಬೇಕು. ಆದುದರಿಂದ ನಾವು ಬಾಲ್ಯದಲ್ಲಿ ಕೇಳಿದ ಮೇರಿಯೋ ಸಂಗೀತವು ಜಪಾನಿನದೂ ಅಲ್ಲ, ಯುರೋಪಿನದೂ ಅಲ್ಲ: ಶ್ರುತಿ ಹೆಚ್ಚುಕಡಮೆ ಸರಿ, ಲಯ ಮಾತ್ರ ವಿಳಂಬ. ಇದರ ಮೇಲೆ ಇನ್ನೊಂದು ವಿಶೇಷ. ಆ ಯಂತ್ರವು ಸ್ವರಗಳನ್ನು ಹೊರಡಿಸುವುದು ಚೌಕ ಅಲೆಗಳಿಂದ. ಅಲೆಯು ತನ್ನ ಅವಧಿಯಲ್ಲಿ ಅರ್ಧಭಾಗ ಮೇಲಿದ್ದರೆ ಒಂದು ನಾದ, ಕಾಲುಭಾಗ ಮೇಲಿದ್ದರೆ ಇನ್ನಷ್ಟು ಮೊನಚಾದ ಬೇರೊಂದು ನಾದ. ಪ್ರತಿಕೃತಿಯ ಚಿಪ್ಪುಗಳು ಅನೇಕದರಲ್ಲಿ ಈ ಎರಡೂ ಅದಲುಬದಲಾಗಿವೆ. ಅರ್ಧದ ಅಲೆಯಲ್ಲಿ ಮೂಲಕಂಪನದ ಬೆಸಸಂಖ್ಯೆಯ ಪಟ್ಟುಗಳು ಮಾತ್ರ ಇರುತ್ತವೆ. ಕಾಲುಭಾಗದ ಅಲೆಯಲ್ಲಿ ನಾಲ್ಕರ ಪಟ್ಟುಗಳನ್ನು ಬಿಟ್ಟು ಉಳಿದವೆಲ್ಲವೂ ಇರುತ್ತವೆ. ಅದೇ ಸ್ವರವನ್ನು ಕೊಳಲಿನವನ ಬದಲು ನಾಗಸ್ವರದವನು ನುಡಿಸಿದಂತೆ ಎಂದರೆ ಅತಿಶಯೋಕ್ತಿಯಾದರೂ ಜಾತಿ ಆ ಬಗೆಯದು.

ನಕಲು ಯಂತ್ರವೆಂದರೆ ಮೂಗು ಮುರಿಯುವವರಿಗೆ ಅದರ ಒಳರಚನೆಯನ್ನು ತೋರಿಸಬೇಕು. ೫೦ರ ಪದ್ಧತಿಯ ಟೆಲಿವಿಷನ್ನಿಗೆ ಪ್ರತಿ ಇಳಿತದಲ್ಲಿಯೂ ೩೧೨ ಗೆರೆಗಳು ಬೇಕು. ಜಪಾನಿನ ಆಟಗಳು ನಿರೀಕ್ಷಿಸುವುದು ೨೬೨. ಉಳಿದ ೫೦ ಗೆರೆಗಳ ಕಾಲವನ್ನು ಎಲ್ಲಿಡಬೇಕು? ನಿಂಟೆಂಡೊದವರು ಅದನ್ನು ‘ಚಿತ್ರ ಮುಗಿಯಿತು’ ಎಂಬ ಸೂಚನೆಯ ಅನಂತರ ಇಟ್ಟರು. ಮಿಡಿತವನ್ನು ಇಳಿಸಿದ್ದರಿಂದ ಪ್ರತಿ ಗೆರೆಗೆ ದೊರೆಯುವ ಮಿಡಿತಗಳು ೧೧೩ ಚಿಲ್ಲರೆಯಿಂದ ೧೦೬ ಚಿಲ್ಲರೆಗೆ ತಗ್ಗಿದುವು. ಗೆರೆಗಳನ್ನು ಎಣಿಸಿಕೊಂಡು ಕೆಲಸ ಮಾಡುವ ಜಪಾನಿನ ಆಟಗಳು, ಉದಾಹರಣೆಗೆ ಮೇಲಿನ ಅಂಕಪಟ್ಟಿಯನ್ನು ನಿಲ್ಲಿಸಿ ಕೆಳಗಿನ ಚಿತ್ರವನ್ನು ಮಾತ್ರ ಸರಿಸುವಂಥವು, ಇದರಿಂದ ಎಡವುವ ಸಂಭವವುಂಟಾಯಿತು. ತೈವಾನಿನ ಯು.ಎಂ.ಸಿ. ಕಾರ್ಖಾನೆಯ ಪ್ರತಿಕೃತಿ ಚಿಪ್ಪುಗಳಲ್ಲಿಯಾದರೋ ಹೆಚ್ಚಿನ ಗೆರೆಗಳು ಸೂಚನೆಗೆ ಮೊದಲೇ ಕಳೆದುಹೋಗುತ್ತವೆ. ಪ್ರತಿ ಗೆರೆಯ ಮಿಡಿತಗಳೂ ಜಪಾನಿನಷ್ಟೇ. ಆಟದ ಕ್ರಮವಿಧಿಗೆ ತಾನು ಪರದೇಶದಲ್ಲಿರುವೆನೆಂಬುದೇ ತಿಳಿಯುವುದಿಲ್ಲ; ಅದು ಸ್ವಲ್ಪ ಹೆಚ್ಚು ಹೊತ್ತು ಕಾಯುತ್ತದೆ, ಅಷ್ಟೆ. ಜಪಾನಿನ ಕ್ಯಾಸೆಟ್ಟುಗಳನ್ನು ೫೦ರ ಟೆಲಿವಿಷನ್ನಿನಲ್ಲಿ ನಡೆಸುವ ವಿಷಯದಲ್ಲಿ ಮೂಲ ಸಂಸ್ಥೆಯ ಯುರೋಪಿನ ಯಂತ್ರಕ್ಕಿಂತ ಈ ನಕಲೇ ಮೇಲು. ನಕಲು ಮಾಡುವುದು ಸರಿಯೋ ತಪ್ಪೋ ಎಂಬ ಪ್ರಶ್ನೆ ಬೇರೆ; ಹೆಸರಿಲ್ಲದ ಆ ಯಂತ್ರಜ್ಞರ ಜಾಣ್ಮೆಯನ್ನು ಮೆಚ್ಚದಿರಲು ನನ್ನಿಂದಾಗದು.

ಇನ್ನು ಪ್ರಯೋಗ. ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬನು ಬನಶಂಕರಿ ಎರಡನೆಯ ಹಂತದಲ್ಲಿರುವ ತನ್ನ ಅಜ್ಜಿಯ ಮನೆಯ ಅಟ್ಟದಿಂದ ಅಂಥದೊಂದು ಪೆಟ್ಟಿಗೆಯನ್ನು ಇಳಿಸಿ ತಂದನು. “ಸಾರ್, ಇದು ಡೂಪ್ಲಿಕೇಟ್ ಅಲ್ವಾ? ಅದಕ್ಕೇ ಇಷ್ಟು ಸ್ಲೋ” ಎಂಬುದು ಅವನ ಸಿದ್ಧಾಂತ. ‘ಸೂಪರ್ ಮೇರಿಯೋ ಬ್ರದರ್ಸ್’ ಆಟದ ಮೊದಲ ಘಟ್ಟದಲ್ಲಿ ಪರದೆಯ ಮೇಲ್ಭಾಗದಲ್ಲಿ ೪೦೦ ಎಂಬ ಸಂಖ್ಯೆಯಿಂದ ಸಮಯವು ಇಳಿಯತೊಡಗುತ್ತದೆ. ಈ ೧೯೮೫ರ ಆಟದಲ್ಲಿ ಆ ಸಂಖ್ಯೆಯ ಒಂದೊಂದು ಮಾನವೂ ಪರದೆಯ ೨೪ ಇಳಿತಗಳಿಗೆ ಸಮ. ಅಂದರೆ ೪೦೦ರಿಂದ ೩೦೦ಕ್ಕೆ ಬರಲು ೨,೪೦೦ ಇಳಿತಗಳು ಬೇಕು. ಜಪಾನಿನ ಯಂತ್ರದ ತಾಳ ನಿಜವಾಗಿ ಸೆಕೆಂಡಿಗೆ ೬೦.೧; ಆದ್ದರಿಂದ ಅಲ್ಲಿ ೩೯.೯ ಸೆಕೆಂಡು. ೫೦ರ ತಾಳದಲ್ಲಿ ೪೮ ಸೆಕೆಂಡು. ಮೇರಿಯೋ ಹೊರಟ ಸ್ಥಳದಲ್ಲಿಯೇ ನಿಂತಿರಲಿ, ನೀವು ಗಡಿಯಾರವನ್ನು ಹಿಡಿಯಿರಿ. ಕೈಯಿಂದ ನಿಲುಗಡಿಯಾರವನ್ನು ಒತ್ತುವಾಗ ಆಗುವ ದೋಷ ಸೆಕೆಂಡಿನ ಕಾಲುಭಾಗದಷ್ಟು; ಅಳೆಯಬೇಕಾದ ಅಂತರ ಎಂಟು ಸೆಕೆಂಡು. ಪ್ರಯೋಗಶಾಲೆಯಲ್ಲಿ ಇಷ್ಟು ಉದಾರವಾದ ಅಳತೆ ನಮಗೆ ಅಪರೂಪವಾಗಿ ದೊರೆಯುತ್ತದೆ. ಹಳೆಯ ಟೆಲಿವಿಷನ್ನಿಗೆ ಜೋಡಿಸಿ ಮೂರು ಸಲ ಅಳೆದೆವು; ಮೂರು ಸಲವೂ ೪೮ರ ಆಸುಪಾಸಿನಲ್ಲಿಯೇ ನಿಂತಿತು. ಯಂತ್ರವು ಕೆಟ್ಟೂ ಇರಲಿಲ್ಲ, ಕಳಪೆಯೂ ಆಗಿರಲಿಲ್ಲ. ಅದು ತನ್ನ ದೇಶದ ಟೆಲಿವಿಷನ್ನಿಗೆ ವಿಧೇಯವಾಗಿತ್ತು.

ಪರದೆಯ ಎತ್ತರದಲ್ಲಿಯೂ ಇದೇ ಭಿನ್ನರಾಶಿ ಅಡಗಿದೆ. ಆಟದ ಚಿತ್ರಕ್ಕೆ ೨೪೦ ಗೆರೆಗಳು. ನಮ್ಮ ಟೆಲಿವಿಷನ್ನಿನಲ್ಲಿ ಪ್ರತಿ ಇಳಿತಕ್ಕೆ ಕಾಣುವ ಗೆರೆಗಳು ೨೮೮. ಇಲ್ಲಿಯೂ ಆರರಲ್ಲಿ ಐದು. ಮೇಲೆ ಕೆಳಗೆ ಪಟ್ಟಿಗಳು ಉಳಿದು, ಚಿತ್ರ ಅಷ್ಟರಮಟ್ಟಿಗೆ ಚಪ್ಪಟೆಯಾಗುತ್ತದೆ. ನಮ್ಮ ಮೇರಿಯೋ ನಿಧಾನಿ ಮಾತ್ರವಲ್ಲ, ಕೊಂಚ ಕುಳ್ಳನೂ ಹೌದು.

ಯುರೋಪಿನ ಮಾರಾಟಗಾರರು ಈ ದೋಷಗಳನ್ನು ಹೇಗೆ ಎದುರಿಸಿದರೆಂಬುದನ್ನು ನೋಡಿದರೆ ಒಂದು ಆಟದ ಆವೃತ್ತಿಗಳನ್ನು ಹೋಲಿಸುವ ಕೆಲಸ ಎಷ್ಟು ಜಾಗರೂಕತೆಯದೆಂದು ತಿಳಿಯುತ್ತದೆ. ಮೇರಿಯೋ ಆಟದ ಯುರೋಪಿನ ಆವೃತ್ತಿಯಲ್ಲಿ ಪ್ರತಿ ಹೆಜ್ಜೆಯ ದೂರವನ್ನೇ ಹೆಚ್ಚಿಸಿ, ಸಮಯದ ಎಣಿಕೆಯನ್ನೂ ತಿದ್ದಿದರು. ಆದ್ದರಿಂದ ನಮ್ಮ ಗಡಿಯಾರದ ಪರೀಕ್ಷೆ ಅಲ್ಲಿ ೪೦ ಸೆಕೆಂಡನ್ನೇ ತೋರಿಸುತ್ತದೆ. ಸೇಗಾ ಸಂಸ್ಥೆಯ ‘ಸೋನಿಕ್’ ೧೯೯೧ರಲ್ಲಿ ಬಂದಾಗ ಇಂಥ ಯಾವ ತಿದ್ದುಪಡಿಯೂ ಇರಲಿಲ್ಲ. ವೇಗವೇ ಹೆಗ್ಗಳಿಕೆಯಾದ ಆ ಪ್ರಾಣಿಯು ಯುರೋಪಿನಲ್ಲಿ ಸಂಗೀತಸಹಿತವಾಗಿ ಆರನೆಯ ಒಂದು ಪಾಲು ನಿಧಾನವಾಗಿ ಓಡಿತು. ಮರುವರ್ಷದ ಎರಡನೆಯ ಭಾಗದಲ್ಲಿ ಸಂಗೀತವನ್ನು ಮಾತ್ರ ಸರಿಪಡಿಸಿದರು, ಓಟವನ್ನು ಹಾಗೆಯೇ ಬಿಟ್ಟರು. ‘ಕಾಂಟ್ರಾ’ ಎಂಬ ಆಟದ ಕಥೆ ಬೇರೆಯೇ. ಅದರ ೧೯೮೮ರ ಜಪಾನಿನ ಕ್ಯಾಸೆಟ್ಟಿನಲ್ಲಿ ಒಂದು ವಿಶೇಷ ಚಿಪ್ಪಿದ್ದು, ಘಟ್ಟಗಳ ನಡುವೆ ನಕ್ಷೆಯೂ ಕಥಾಚಿತ್ರಗಳೂ ಬರುತ್ತವೆ, ಹಿನ್ನೆಲೆಯಲ್ಲಿ ಗಿಡಗಳು ತೂಗುತ್ತವೆ. ಅಮೆರಿಕದ ಕ್ಯಾಸೆಟ್ಟಿನಲ್ಲಿ ಇವೊಂದೂ ಇಲ್ಲ. ಯುರೋಪಿನಲ್ಲಿ ಅದೇ ಆಟವು ‘ಪ್ರೊಬೊಟೆಕ್ಟರ್’ ಎಂಬ ಹೆಸರಿನಿಂದ, ಮನುಷ್ಯರ ಸ್ಥಾನದಲ್ಲಿ ಯಂತ್ರಮಾನವರೊಡನೆ ಹೊರಬಂದಿತು. ನಿಮ್ಮ ಮನೆಯ ಹಳೆಯ ಕ್ಯಾಸೆಟ್ಟಿನಲ್ಲಿ ಮೊದಲ ಘಟ್ಟಕ್ಕೆ ಮುನ್ನ ನಕ್ಷೆ ಕಾಣುವುದೋ ಇಲ್ಲವೋ ನೋಡಿ. ಅದು ಯಾವ ದೇಶದ ಮೂಲದಿಂದ ಬಂದುದೆಂಬುದಕ್ಕೆ ಅಷ್ಟು ಸಾಕ್ಷ್ಯ ಸಾಕು.

ಕ್ಯಾಸೆಟ್ಟಿನ ಮೇಲೆ ‘೯೯,೯೯,೯೯೯ ಆಟಗಳು’ ಎಂದು ಅಚ್ಚಾಗಿರುವುದೂ ಉಂಟು. ಮೇರಿಯೋ ಆಟವೊಂದಕ್ಕೆ ಬೇಕಾದ ಸ್ಮೃತಿ ೪೦ ಕಿಲೋಬೈಟು. ಅಂಥ ಒಂದು ಕೋಟಿಗೆ ಒಂದು ಕಡಮೆ ಆಟಗಳಿಗೆ ಎಷ್ಟು ಬೇಕೆಂದು ಗುಣಿಸಿದರೆ ಸುಮಾರು ೪೦೦ ಗಿಗಾಬೈಟು ಬರುತ್ತದೆ. ಆ ಕಾಲದ ಹಳದಿ ಪ್ಲಾಸ್ಟಿಕ್ಕಿನಲ್ಲಿ ಅಷ್ಟನ್ನು ತುಂಬಬಲ್ಲವರಿದ್ದರೆ ಅವರು ಆಟ ಮಾರಬೇಕಾಗಿರಲಿಲ್ಲ.

ಹಳೆಯ ಪೆಟ್ಟಿಗೆಯನ್ನು ಹೊಸ ಚಪ್ಪಟೆ ಟೆಲಿವಿಷನ್ನಿಗೆ ಜೋಡಿಸಿದವರಿಗೆ ತಿಳಿದಿರುವ ಮತ್ತೊಂದು ನಿರಾಶೆಯೆಂದರೆ, ಬಾತುಕೋಳಿಗಳನ್ನು ಹೊಡೆಯುವ ಬಂದೂಕು ಕೆಲಸ ಮಾಡುವುದಿಲ್ಲ. ೧೯೮೪ರ ಈ ‘ಡಕ್ ಹಂಟ್’ ಆಟದ ಬಂದೂಕಿನಿಂದ ಏನೂ ಹೊರಬೀಳುವುದಿಲ್ಲ. ಅದರ ನಳಿಕೆಯಲ್ಲಿರುವುದು ಬೆಳಕನ್ನು ನೋಡುವ ಒಂದು ಕಣ್ಣು. ಕುದುರೆಯನ್ನು ಎಳೆದೊಡನೆ ಪರದೆಯು ಒಂದು ಇಳಿತದ ಕಾಲ ಪೂರ್ತಿ ಕಪ್ಪಾಗಿ, ಮುಂದಿನ ಇಳಿತದಲ್ಲಿ ಹಕ್ಕಿಯಿರುವ ಸ್ಥಳ ಮಾತ್ರ ಬಿಳಿಯ ಚೌಕವಾಗುತ್ತದೆ. ಬಂದೂಕಿನ ಕಣ್ಣು ಮೊದಲು ಕತ್ತಲೆಯನ್ನೂ ಒಡನೆಯೇ ಬೆಳಕನ್ನೂ ಕಂಡರೆ ಗುರಿ ಸರಿ. ದೀಪದ ಬೆಳಕಿಗೆ ಮೋಸಹೋಗದಂತೆ, ಸೆಕೆಂಡಿಗೆ ಸುಮಾರು ೧೫,೦೦೦ ಸಲ ಮಿನುಗುವ ಬೆಳಕಿಗೆ ಮಾತ್ರ ಓಗೊಡುವ ಮಂಡಲವೊಂದನ್ನು ಅದರಲ್ಲಿ ಇಟ್ಟಿದ್ದಾರೆ. ಏಕೆ ೧೫,೦೦೦? ನಮ್ಮ ೬೨೫ ಗೆರೆಗಳ ಪೂರ್ಣಚಿತ್ರ ಸೆಕೆಂಡಿಗೆ ೨೫ ಸಲ. ಗುಣಿಸಿದರೆ ಕಿರಣವು ಸೆಕೆಂಡಿಗೆ ಗೀಚುವ ಗೆರೆಗಳು ೧೫,೬೨೫. ಅಮೆರಿಕದ್ದೂ ಇದಕ್ಕೆ ಬಹು ಸಮೀಪ. ಚಪ್ಪಟೆ ಪರದೆಯಲ್ಲಿ ಕಿರಣವೇ ಇಲ್ಲ, ಮಿನುಗೂ ಇಲ್ಲ, ಚಿತ್ರವೂ ತಡವಾಗಿ ಬರುತ್ತದೆ. ಕಣ್ಣಿದ್ದೂ ಬಂದೂಕು ಕುರುಡಾಗುತ್ತದೆ.

ಚಿತ್ರವು ತಡವಾಗುವುದೇಕೆಂದರೆ, ಹೊಸ ಟೆಲಿವಿಷನ್ನು ಒಳಗೆ ಬಂದ ಚಿತ್ರವನ್ನು ಪೂರ್ತಿಯಾಗಿ ಸಂಗ್ರಹಿಸಿ, ಹಿಗ್ಗಿಸಿ, ಅಲಂಕರಿಸಿ ಅನಂತರ ತೋರಿಸುತ್ತದೆ. ಈ ವಿಳಂಬವು ಕೆಲವು ಟೆಲಿವಿಷನ್ನುಗಳಲ್ಲಿ ಸೆಕೆಂಡಿನ ಹತ್ತನೆಯ ಒಂದು ಪಾಲನ್ನು ಮೀರುವುದುಂಟು. ಮನುಷ್ಯನು ಕಂಡದ್ದಕ್ಕೆ ಬೆರಳನ್ನಾಡಿಸಲು ತೆಗೆದುಕೊಳ್ಳುವ ಕಾಲ ಸುಮಾರು ಐದನೆಯ ಒಂದು ಪಾಲು. ಅದರ ಅರ್ಧದಷ್ಟನ್ನು ಪರದೆಯೇ ಕದ್ದರೆ ಹಳ್ಳವನ್ನು ಹಾರುವುದು ಹೇಗೆ? ಟೆಲಿವಿಷನ್ನಿನ ಪಟ್ಟಿಯಲ್ಲಿ ‘ಗೇಮ್ ಮೋಡ್’ ಎಂಬುದಿದ್ದರೆ ಅದನ್ನು ಹಾಕುವುದರಿಂದ ಬಹುಮಟ್ಟಿಗೆ ಪರಿಹಾರ ದೊರೆಯುತ್ತದೆ. ಇನ್ನೊಂದು ದೋಷಕ್ಕೆ ಅಷ್ಟು ಸುಲಭ ಪರಿಹಾರವಿಲ್ಲ. ಗಾಜಿನ ಪರದೆಯ ಬಿಂದುವು ಕ್ಷಣಮಾತ್ರ ಹೊಳೆದು ಆರುತ್ತದೆ. ಚಪ್ಪಟೆ ಪರದೆಯದು ಮುಂದಿನ ಚಿತ್ರ ಬರುವವರೆಗೂ ಹಾಗೆಯೇ ಬೆಳಗುತ್ತಿರುತ್ತದೆ. ಮೇರಿಯೋ ಪೂರ್ಣವೇಗದಲ್ಲಿ ಓಡುವಾಗ ಹಿನ್ನೆಲೆಯು ಪ್ರತಿ ಹೆಜ್ಜೆಗೆ ಎರಡೂವರೆ ಬಿಂದುಗಳಷ್ಟು ಸರಿಯುತ್ತದೆ. ನಮ್ಮ ಕಣ್ಣು ಅದನ್ನು ಎಡೆಬಿಡದೆ ಹಿಂಬಾಲಿಸುತ್ತಿದ್ದರೆ ನಿಂತ ಚಿತ್ರವು ಅಕ್ಷಿಪಟದ ಮೇಲೆ ಅಷ್ಟೇ ಅಗಲಕ್ಕೆ ಉಜ್ಜಿಹೋಗುತ್ತದೆ. ಹೊಸ ಪರದೆಯಲ್ಲಿ ಓಟ ಮಸುಕಾಗಿ ಕಾಣುವುದು ಇದರಿಂದ.

ಹಾಗಾದರೆ ಕೊಳ್ಳುವವರು ಏನನ್ನು ಕೊಳ್ಳಬೇಕು? ಎಸ್.ಪಿ. ರಸ್ತೆಯಂಥ ಕಡೆ ದೊರೆಯುವ ಅಗ್ಗದ ಪೆಟ್ಟಿಗೆಗಳನ್ನು ಅಂಗಡಿಯಲ್ಲಿಯೇ ಹಾಕಿಸಿ, ೪೦೦ರಿಂದ ೩೦೦ರ ಪರೀಕ್ಷೆಯನ್ನು ಮಾಡಿ ತೆಗೆದುಕೊಳ್ಳಿ. ಒಳಗಿರುವುದೇನೆಂಬುದನ್ನು ಹೊರಗಿನ ಚಿತ್ರಗಳಿಂದ ಹೇಳಲಾಗದು. ನಿಂಟೆಂಡೊ ಸಂಸ್ಥೆಯೇ ೨೦೧೬ರಲ್ಲಿ ೩೦ ಆಟಗಳುಳ್ಳ ಅಂಗೈಯಗಲದ ಯಂತ್ರವೊಂದನ್ನು ಹೊರತಂದಿತು. ಅಚ್ಚುಕಟ್ಟಾದುದು, ಆದರೆ ಯುರೋಪಿನಲ್ಲಿ ಮಾರಿದುದರಲ್ಲಿಯೂ ೬೦ರ ತಾಳವೇ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಗಣಕಯಂತ್ರದಲ್ಲಿ ಅನುಕರಣ ಕ್ರಮವಿಧಿಗಳನ್ನು ಹಾಕಿಕೊಳ್ಳುವುದು ವಿದ್ಯಾರ್ಥಿಗೆ ಹೆಚ್ಚು ಲಾಭಕರ; ಅದೇ ಯಂತ್ರದಲ್ಲಿ ಬೇರೆ ಪಾಠಗಳನ್ನೂ ಕಲಿಯಬಹುದು. ಎಫ್.ಪಿ.ಜಿ.ಎ. ಎಂಬ ಮರುಜೋಡಣೆಯ ಚಿಪ್ಪಿನಲ್ಲಿ ಹಳೆಯ ಮಂಡಲವನ್ನೇ ಪುನಃ ಕಟ್ಟುವ ‘ಮಿಸ್ಟರ್’ ಮುಂತಾದ ಯಂತ್ರಗಳು ವಿಳಂಬದ ವಿಷಯದಲ್ಲಿ ಉತ್ತಮ, ಬೆಲೆಯ ವಿಷಯದಲ್ಲಿ ವಿದ್ಯಾರ್ಥಿಗೆ ದೂರ. ಯಾವುದೇ ಆಗಲಿ, ಪರದೆಯ ಗೆರೆಗಳನ್ನು ೨೪೦ರಿಂದ ಭಾಗಿಸಿ ನೋಡಿ. ೭೨೦ಕ್ಕೆ ಮೂರು, ೨,೧೬೦ಕ್ಕೆ ಒಂಬತ್ತು, ಶೇಷವಿಲ್ಲ. ೧,೦೮೦ಕ್ಕೆ ನಾಲ್ಕೂವರೆ, ಕೆಲವು ಬಿಂದುಗಳು ನಾಲ್ಕು ಗೆರೆ, ಕೆಲವು ಐದು ಗೆರೆಯಾಗಿ ಚಿತ್ರವು ಸರಿಯುವಾಗ ಅಲೆಯಲೆಯಾಗುತ್ತದೆ.

ಇವುಗಳಲ್ಲಿ ಯಾವುದನ್ನು ಕೊಂಡರೂ, ಹಾಗೆಯೇ ಹಚ್ಚಿದರೆ ಸಾಮಾನ್ಯವಾಗಿ ದೊರೆಯುವುದು ಜಪಾನಿನ ಅಥವಾ ಅಮೆರಿಕದ ಮೇರಿಯೋ. ಜಯನಗರದ ನಡುಮನೆಯಲ್ಲಿ ಅಣ್ಣತಂಗಿಯರು ಜಗಳವಾಡುತ್ತ ಆಡಿದ, ಶ್ರುತಿಯಲ್ಲಿದ್ದೂ ವಿಳಂಬವಾಗಿ ನಡೆಯುತ್ತಿದ್ದ ಆಟವು ಅದಲ್ಲ. ಅದನ್ನು ಮರಳಿ ಪಡೆಯಲು ‘ಮೆಸೆನ್’, ‘ಎಫ್.ಸಿ.ಇ.ಯು.ಎಕ್ಸ್’ ಎಂಬ ಅನುಕರಣ ಕ್ರಮವಿಧಿಗಳಲ್ಲಿ ಒಂದು ದಾರಿಯಿದೆ. ದೇಶದ ಪದ್ಧತಿಯನ್ನು ಆರಿಸುವ ಸ್ಥಳದಲ್ಲಿ ಅಮೆರಿಕ, ಯುರೋಪುಗಳ ಜೊತೆಗೆ ‘ಡೆಂಡಿ’ ಎಂಬ ಮೂರನೆಯ ಹೆಸರಿರುತ್ತದೆ. ಅದು ೧೯೯೨ರಲ್ಲಿ ರಷ್ಯದಲ್ಲಿ ಮಾರಾಟಕ್ಕೆ ಬಂದ, ಇದೇ ವಂಶದ ಪ್ರತಿಕೃತಿ ಯಂತ್ರದ ಹೆಸರು. ನಮ್ಮ ಮನೆಯ ಆಟವು ಹೀಗೆ ರಷ್ಯದ ಹೆಸರಿನಲ್ಲಿ ಉಳಿದುಕೊಂಡಿದೆ. ಲಿಟ್ಲ್ ಮಾಸ್ಟರನ್ನಾಗಲಿ ಮೀಡಿಯಾವನ್ನಾಗಲಿ ಅಳೆದು ಬರೆದಿಟ್ಟವರು ನಮ್ಮಲ್ಲಿ ಹೆಚ್ಚಾಗಿ ಇದ್ದಿದ್ದರೆ ಆ ಪಟ್ಟಿಯಲ್ಲಿ ನಮ್ಮ ಊರಿನ ಹೆಸರೂ ಇರಬಹುದಾಗಿತ್ತು.

ಗಾಜಿನ ಟೆಲಿವಿಷನ್ನುಗಳು ಈಗ ಒಂದೊಂದಾಗಿ ಮನೆಗಳಿಂದ ಹೊರಡುತ್ತಿವೆ. ಹೊಸ ನಳಿಗೆಗಳ ತಯಾರಿಕೆ ನಿಂತುಹೋದಂತೆಯೇ. ಹಳೆಯದನ್ನು ಇಟ್ಟುಕೊಂಡವರು ಅದರ ಬೆನ್ನನ್ನು ಮಾತ್ರ ಬಿಚ್ಚಕೂಡದು: ವರ್ಣನಳಿಗೆಯೊಳಗಿನ ವಿದ್ಯುದ್ಬಲ ೨೦,೦೦೦ ವೋಲ್ಟನ್ನು ಮೀರುತ್ತದೆ, ಗುಂಡಿ ಆರಿಸಿದ ಮೇಲೆಯೂ ಉಳಿದಿರಬಹುದು. ಕೊಡುವವರು ಬೀದಿಯ ಗುಜರಿಯವನಿಗೆ ಕೊಡದೆ, ಅನುಮತಿ ಪಡೆದ ಇ-ತ್ಯಾಜ್ಯ ಸಂಗ್ರಹಕಾರರಿಗೆ ಒಪ್ಪಿಸತಕ್ಕದ್ದು. ಆ ಗಾಜಿನಲ್ಲಿ ಸೀಸವಿದೆ, ಒಡೆದು ಬಿಸುಟರೆ ಅದು ನೆಲಕ್ಕಿಳಿಯುತ್ತದೆ. ಆದರೆ ಕೊಡುವುದಕ್ಕೆ ಮೊದಲು, ಅಟ್ಟದ ಮೇಲೆ ಆಟದ ಪೆಟ್ಟಿಗೆಯೂ ಇದ್ದರೆ, ಒಂದು ಸಂಜೆ ಎರಡನ್ನೂ ಜೋಡಿಸಿ. ಪೆಟ್ಟಿಗೆಯ ಹೆಸರು, ಕೊಂಡ ವರ್ಷ, ಚಿಪ್ಪುಗಳ ಮೇಲಿನ ಅಕ್ಷರಗಳು ಕಾಣುವಂತಿದ್ದರೆ ಅವು, ೪೦೦ರಿಂದ ೩೦೦ಕ್ಕೆ ಹಿಡಿದ ಸೆಕೆಂಡುಗಳು, ಮೂರು ಸಲದ ಸರಾಸರಿ: ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಪೆಟ್ಟಿಗೆಯ ಜೊತೆಯಲ್ಲಿಯೇ ಇಡಿ.